ಮಳೆಯ ನಾಡಿನಲ್ಲಿ ಹೂಬಳ್ಳಿ ನೆಟ್ಟು ಉಳಿಸುವ ಕ್ರಮ

ಜೂನ್‌ನ ಮೊದಲ ಮಳೆಗೆ ಬಳ್ಳಿ ನೆಡುತ್ತೇವೆ. ಜುಲೈಯಲ್ಲಿ ಅದು ಸೊಂಪಾಗಿ ಚಿಗುರುತ್ತದೆ, ಆಗಸ್ಟ್‌ನಲ್ಲಿ ಬುಡದ ಎಲೆಗಳು ಹಳದಿಯಾಗಿ ಉದುರತೊಡಗುತ್ತವೆ, ಚೌತಿಯ ಹೊತ್ತಿಗೆ ಅಲ್ಲಿ ಒಣಗಿದ ಕಡ್ಡಿಯೊಂದು ನಿಂತಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಂಗಳಗಳಲ್ಲಿ ಇದು ಪ್ರತಿವರ್ಷದ ಕಥೆ. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರಗಳಲ್ಲಿ ಬಳ್ಳಿ ಮಳೆಗಾಲವನ್ನು ಹೇಗೋ ದಾಟಿದರೂ ಬೇಸಿಗೆಯ ಉಪ್ಪುಗಾಳಿಗೋ ಬಾವಿಯ ಸವಳು ನೀರಿಗೋ ಸೊರಗುತ್ತದೆ. ಇನ್ನು ಕೆಲವರ ಮನೆಯಲ್ಲಿ ಬಳ್ಳಿ ಸಾಯುವುದೇ ಇಲ್ಲ. ಮಾಡಿನ ಮೇಲೇರಿ ಹಂಚು ಕಾಣದಷ್ಟು ಹಬ್ಬುತ್ತದೆ, ಆದರೆ ಒಂದು ಹೂವನ್ನೂ ಬಿಡುವುದಿಲ್ಲ.

ಈ ಮೂರೂ ಸೋಲುಗಳ ಮೂಲ ಬಹುಮಟ್ಟಿಗೆ ಒಂದೇ: ಕೆಲಸಗಳ ಅನುಕ್ರಮ ತಪ್ಪಿರುವುದು. ನಾವು ಮೊದಲು ಗಿಡ ತರುತ್ತೇವೆ, ಆಮೇಲೆ ಜಾಗ ಹುಡುಕುತ್ತೇವೆ, ಅವಸರದಲ್ಲಿ ಗುಂಡಿ ತೋಡುತ್ತೇವೆ, ಬಳ್ಳಿ ನೆಲಕ್ಕೆ ಬಿದ್ದ ಮೇಲೆ ಆಧಾರದ ಯೋಚನೆ ಮಾಡುತ್ತೇವೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಜಾಗ, ನಂತರ ನೀರು ಬಸಿಯುವ ದಾರಿ, ನಂತರ ಚಪ್ಪರ, ನಂತರ ಗುಂಡಿ, ಎಲ್ಲಕ್ಕಿಂತ ಕಡೆಗೆ ಗಿಡ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಹಾರೆ, ಗುದ್ದಲಿ, ಅಳತೆಯ ಟೇಪು, ಹರಿತವಾದ ಸಿಕೇಚರ್ (ಕೊಂಬೆ ಸವರುವ ಕತ್ತರಿ), ರಬ್ಬರ್ ಕೈಗವಸು, 10 ಲೀಟರ್ ಬಕೆಟ್ ಮತ್ತು ಕಟ್ಟಲು ಬಾಳೆನಾರು ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳು ಸಾಕು. ನೈಲಾನ್ ದಾರವನ್ನು ಈ ಪಟ್ಟಿಯಿಂದ ನಾನು ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ.

ಹಂತ 1: ಕಾಲವನ್ನು ನಿಶ್ಚಯಿಸುವುದು

ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಜುಲೈಯಲ್ಲಿ ನೆಟ್ಟ ಗಿಡಕ್ಕೆ ವಾರಗಟ್ಟಲೆ ಬಿಸಿಲು ಸಿಗುವುದಿಲ್ಲ, ಬೇರಿನ ಸುತ್ತ ಗಾಳಿಯೂ ಆಡುವುದಿಲ್ಲ. ಮಳೆಗಾಲವೆಂದರೆ ಗಿಡ ನೆಡುವ ಕಾಲ ಎಂಬ ನಂಬಿಕೆ ಅಡಿಕೆ ಸಸಿಗೆ ಸರಿಹೊಂದಬಹುದು, ಬೋಗನ್‌ವಿಲ್ಲಾದಂಥ ಒಣನಾಡಿನ ಬಳ್ಳಿಗೆ ಅದು ಸಲ್ಲದು.

ನೆಡಲು ಎರಡು ಅವಕಾಶಗಳಿವೆ. ಮೊದಲನೆಯದು ಮೇ ಕೊನೆಯ ವಾರ: ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ತಣಿದಾಗ ನೆಟ್ಟರೆ, ಜೋರುಮಳೆ ಹಿಡಿಯುವ ಮುನ್ನ ಬೇರು ಹೊಸ ಮಣ್ಣಿಗೆ ಇಳಿಯುತ್ತದೆ. ಎರಡನೆಯದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ: ಮಣ್ಣಿನಲ್ಲಿ ತೇವವಿರುತ್ತದೆ, ಬಿಸಿಲು ಮರಳಿರುತ್ತದೆ, ಮುಂದಿನ ಮಳೆಗಾಲದೊಳಗೆ ಬಳ್ಳಿ ಬಲಿಯಲು ಏಳೆಂಟು ತಿಂಗಳು ಸಿಗುತ್ತದೆ. ಬೇಸಿಗೆಯಲ್ಲಿ ನೀರು ಹೊತ್ತು ಹಾಕಲು ಸಾಧ್ಯವಿರುವವರಿಗೆ ಎರಡನೆಯದೇ ಉತ್ತಮ ಎಂಬುದು ನನ್ನ ಅನುಭವ. ಗೌರಿ ಹೂವು (ಗ್ಲೋರಿಯೋಸಾ), ಶಂಖಪುಷ್ಪ, ಕಾಮಲತೆಗಳು ಮಾತ್ರ ಇದಕ್ಕೆ ಹೊರತು. ಅವನ್ನು ಮುಂಗಾರಿನ ಆರಂಭದಲ್ಲೇ ಹಾಕಬೇಕು.

ಹಂತ 2: ಜಾಗ ನೋಡುವುದು

ಮಳೆಗಾಲದ ನಡುವೆ ಒಮ್ಮೆ ಕೊಡೆ ಹಿಡಿದು ಅಂಗಳದಲ್ಲಿ ನಿಂತು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದುಹೋಗುತ್ತದೆ, ಸೂರಿನ ನೀರು ಯಾವ ಗೆರೆಯಲ್ಲಿ ಬೀಳುತ್ತದೆ ಎಂಬುದನ್ನು ಗುರುತಿಸಿ ಗೂಟ ಹೊಡೆದಿಡಬೇಕು. ಹಂಚಿನ ಮನೆಯ ಸೂರಿನ ನೀರು ನಾಲ್ಕು ತಿಂಗಳು ಒಂದೇ ಗೆರೆಯಲ್ಲಿ ಬಿದ್ದು ಮಣ್ಣನ್ನು ಕೊರೆಯುತ್ತದೆ, ಬೇರನ್ನು ಬಯಲು ಮಾಡುತ್ತದೆ, ಕೆಸರನ್ನು ಕಾಂಡಕ್ಕೆ ಸಿಡಿಸುತ್ತದೆ. ಜಗಲಿಯ ಕಂಬಕ್ಕೆ ಹಬ್ಬಲಿ ಎಂದು ನಾನು ನೆಟ್ಟ ಮೊದಲ ಬೋಗನ್‌ವಿಲ್ಲಾ ಇದೇ ಗೆರೆಯಲ್ಲಿತ್ತು. ಎರಡನೆಯದನ್ನೂ ಅಲ್ಲಿಯೇ ನೆಟ್ಟು ಕೊಂದ ಮೇಲೆ ಬುದ್ಧಿ ಬಂತು. ಸೂರುನೀರಿನ ಗೆರೆಯಿಂದ ಕನಿಷ್ಠ 45 ಸೆ.ಮೀ. ಹೊರಗೆ ಗಿಡವಿರಲಿ, ಕಾಂಡವನ್ನು ಓರೆಯಾಗಿ ಕಂಬದ ಕಡೆಗೆ ತರುವುದು ಕಷ್ಟವಲ್ಲ.

ಬೋಗನ್‌ವಿಲ್ಲಾ, ಅಲ್ಲಮಂಡಾ, ರಂಗೂನ್ ಬಳ್ಳಿ ಮತ್ತು ಮಲ್ಲಿಗೆಗಳಿಗೆ ದಿನಕ್ಕೆ 5ರಿಂದ 6 ತಾಸು ನೇರ ಬಿಸಿಲು ಬೇಕು. ಅಡಿಕೆ ತೋಟದ ಅಂಚಿನ ಅರೆನೆರಳಿನಲ್ಲಿ ಇವು ಎಲೆಯಷ್ಟನ್ನೇ ಕೊಡುತ್ತವೆ. ಅಂಥ ಜಾಗಕ್ಕೆ ಪಶ್ಚಿಮ ಘಟ್ಟದ್ದೇ ಆದ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಹೊಂದುತ್ತದೆ. ಹಳದಿ–ಕೆಂಗಂದು ಬಣ್ಣದ ಅದರ ಹೂಗೊಂಚಲುಗಳು ಉದ್ದಕ್ಕೆ ಇಳಿಬೀಳುವುದರಿಂದ ಎತ್ತರದ ಚಪ್ಪರವೇ ಬೇಕು. ಸೂರಕ್ಕಿಗಳು ಅದನ್ನು ಬಿಟ್ಟು ಕದಲುವುದಿಲ್ಲ. ಅದೇ ಕುಟುಂಬದ, ದೊಡ್ಡ ನೀಲಿ ಹೂ ಬಿಡುವ ಥನ್‌ಬರ್ಜಿಯಾ ಗ್ರಾಂಡಿಫ್ಲೋರಾ ಮಾತ್ರ ಬೇರೆ ಸ್ವಭಾವದ್ದು. ಅದನ್ನು ಮಾವು, ಹಲಸಿನ ಮರಕ್ಕೆ ಹಬ್ಬಿಸಿದರೆ ಕೆಲವೇ ವರ್ಷಗಳಲ್ಲಿ ಮರದ ತಲೆ ಮುಚ್ಚಿ ಬೆಳಕನ್ನೇ ತಡೆಯುತ್ತದೆ.

ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಪಡುವಣ ಗೋಡೆಯನ್ನು ಬೋಗನ್‌ವಿಲ್ಲಾಕ್ಕೆ ಮೀಸಲಿಡುವುದು ಒಳ್ಳೆಯದು, ಅದು ಉಪ್ಪುಗಾಳಿಯನ್ನು ಸಾಕಷ್ಟು ತಾಳುತ್ತದೆ. ಮಲ್ಲಿಗೆಯನ್ನು ಮನೆಯ ಮರೆಯಲ್ಲಿ, ಮೂಡಣ ಬದಿಗೆ ಇಡಬೇಕು. ವಿದ್ಯುತ್ ತಂತಿಯ ಕೆಳಗೆ, ಶೌಚಗುಂಡಿಯ ಪಕ್ಕ, ಬಾವಿಯ ಕಟ್ಟೆಗೆ ತಾಗಿ ಯಾವ ಬಳ್ಳಿಯೂ ಬೇಡ. ಕಿಟಕಿಗೂ ಬೇಡ, ಹಸಿರು ಹಾವಿಗೂ ಹಸಿರು ಬಳ್ಳಿಗೂ ವ್ಯತ್ಯಾಸ ಕಾಣದೆ ಕೈ ಹಾಕುವ ಪ್ರಸಂಗ ನಮ್ಮ ಕಡೆ ಅಪರೂಪವಲ್ಲ.

ಹಂತ 3: ಬಳ್ಳಿ ಏರುವ ರೀತಿಯನ್ನು ತಿಳಿದು ಆಧಾರ ಕಟ್ಟುವುದು

ಎಲ್ಲ ಬಳ್ಳಿಗಳೂ ಒಂದೇ ಬಗೆಯಲ್ಲಿ ಏರುವುದಿಲ್ಲ. ಶಂಖಪುಷ್ಪ, ಕಾಮಲತೆ, ಥನ್‌ಬರ್ಜಿಯಾಗಳು ಕಾಂಡವನ್ನೇ ಆಧಾರಕ್ಕೆ ಸುತ್ತುತ್ತವೆ. ಇವಕ್ಕೆ ನಿಂತ ಹಗ್ಗ ಅಥವಾ ತೆಳು ಗಳು ಬೇಕು. ದಪ್ಪ ಕಂಬವನ್ನು ಎಳೆ ಕುಡಿ ಸುತ್ತಲಾರದೆ ಜಾರುತ್ತದೆ. ಗೌರಿ ಹೂವು ಎಲೆಯ ತುದಿಯನ್ನೇ ಕೊಕ್ಕೆಯಂತೆ ಬಾಗಿಸಿ ಹಿಡಿಯುತ್ತದೆ. ಪ್ಯಾಶನ್ ಹಣ್ಣಿನ ಬಳ್ಳಿಗೆ ದಾರದಂಥ ಸುರುಳಿಗಳಿರುತ್ತವೆ. ಈ ಎರಡಕ್ಕೂ ಬೆರಳಿಗಿಂತ ಸಪೂರವಾದ ಕಡ್ಡಿ, ಬಲೆ ಅಥವಾ ತಂತಿ ಬೇಕು. ಬೋಗನ್‌ವಿಲ್ಲಾ, ಅಲ್ಲಮಂಡಾಗಳು ವಾಸ್ತವವಾಗಿ ಬಳ್ಳಿಗಳೇ ಅಲ್ಲ, ಉದ್ದ ಕೊಂಬೆಯ ಪೊದೆಗಳು. ಅವಕ್ಕೆ ಹಿಡಿದುಕೊಳ್ಳುವ ಅಂಗವಿಲ್ಲ. ಜಾಜಿಯ ಉದ್ದ ಕೊಂಬೆಗಳೂ ಅಷ್ಟೇ, ಮೇಲಿನಿಂದ ಬಾಗುತ್ತವೆಯೇ ಹೊರತು ತಾವಾಗಿ ಹಿಡಿಯುವುದಿಲ್ಲ. ಇವನ್ನು ನಾವೇ ಕಟ್ಟಬೇಕು. 'ಚಪ್ಪರ ಹಾಕಿದರೂ ಏರುತ್ತಿಲ್ಲ' ಎಂಬ ದೂರು ಬಹುಪಾಲು ಈ ಮೂರರದ್ದೇ.

ಆಧಾರಕ್ಕೆ ಅಡಿಕೆ ದಬ್ಬೆ (ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ) ಕೈಗೆ ಸಿಗುವ ಸಾಮಾನು, ಆದರೆ ನೆಲಕ್ಕೆ ತಾಗಿದ ದಬ್ಬೆ ಒಂದೆರಡು ಮಳೆಗಾಲದಲ್ಲಿ ಕೊಳೆತು ಲಡ್ಡಾಗುತ್ತದೆ. ವರ್ಷಕ್ಕೊಮ್ಮೆ ಮುಗಿಯುವ ಕಾಮಲತೆಗೆ ಅದು ಸಾಕು. ಹತ್ತು ವರ್ಷ ಬಾಳಬೇಕಾದ ಬಳ್ಳಿಗೆ ಕಲ್ಲಿನ ಅಥವಾ ಸಿಮೆಂಟ್ ಕಂಬ ಹುಗಿದು, ಮೇಲಿನ ಅಡ್ಡಗಳಿಗೆ ಮಾತ್ರ ದಬ್ಬೆ ಅಥವಾ ಬಿದಿರು ಬಳಸುವುದು ಸರಿಯಾದ ಲೆಕ್ಕಾಚಾರ. ಕರಾವಳಿಯಲ್ಲಿ ಬರಿಯ ಕಬ್ಬಿಣದ ತಂತಿ ತುಕ್ಕು ಹಿಡಿದು ತುಂಡಾಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನೇ ತರಬೇಕು. ಕಂಬ ನೆಲದೊಳಗೆ 60 ಸೆ.ಮೀ. ಇಳಿಯಬೇಕು. ಎಲೆ ತುಂಬಿ ಮಳೆನೀರು ಹೊತ್ತ ಚಪ್ಪರ ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕರಾವಳಿಯಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೋಡೆಗೆ ಹಬ್ಬಿಸುವುದಾದರೆ ಜಾಲರಿಗೂ ಗೋಡೆಗೂ ನಡುವೆ 15 ಸೆ.ಮೀ. ಖಾಲಿ ಬಿಡಬೇಕು. ಈ ಸಂದು ಇಲ್ಲದಿದ್ದರೆ ಗೋಡೆ ಪಾಚಿಗಟ್ಟುತ್ತದೆ, ಬಳ್ಳಿಯ ಒಳಮೈಗೆ ಗಾಳಿಯಾಡದೆ ಹಿಟ್ಟುತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಕೀಟ) ಸೇರಿಕೊಳ್ಳುತ್ತದೆ. ಗೊಂಚಲು ಇಳಿಬೀಳುವ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಒಂದನ್ನು ಬಿಟ್ಟರೆ ಚಪ್ಪರದ ಎತ್ತರ 7 ಅಡಿ ಸಾಕು. ಅದಕ್ಕಿಂತ ಎತ್ತರವಾದರೆ ಸವರಲು ಏಣಿ ಬೇಕಾಗುತ್ತದೆ, ಏಣಿ ಬೇಕಾದ ಕೆಲಸ ಯಾವಾಗಲೂ ಮುಂದಕ್ಕೆ ಹೋಗುತ್ತದೆ.

ಹಂತ 4: ಗುಂಡಿ

ಅತಿ ಹೆಚ್ಚು ಬಳ್ಳಿಗಳು ಸಾಯುವುದು ಇಲ್ಲಿಯೇ, ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ. ಘಟ್ಟದ ಮೇಲೂ ಕೆಳಗೂ ನಮ್ಮ ಜಿಲ್ಲೆಯ ಹೆಚ್ಚಿನ ಮನೆಯಂಗಳಗಳು ಜಂಬಿಟ್ಟಿಗೆ ಮಣ್ಣಿನವು. ಎರಡಡಿ ಗುಂಡಿ ತೋಡಿ, ಒಳಗೆ ಮೆತ್ತನೆಯ ಗೊಬ್ಬರ ಮಣ್ಣು ತುಂಬಿದಾಗ, ಸುತ್ತಲಿನ ಗಟ್ಟಿ ಗೋಡೆಗಳು ನೀರನ್ನು ಹೊರಗೆ ಬಿಡುವುದಿಲ್ಲ. ಅಂಗಳದ ನೀರೆಲ್ಲ ಮೆತ್ತನೆಯ ಜಾಗ ಹುಡುಕಿಕೊಂಡು ಬಂದು ಅಲ್ಲೇ ನಿಲ್ಲುತ್ತದೆ. ನಾವು ತೋಡಿದ್ದು ಗುಂಡಿಯಲ್ಲ, ಬಾವಿ. ಗೊಬ್ಬರ ಹೆಚ್ಚು ಹಾಕಿದಷ್ಟೂ ಈ ಬಾವಿ ಹೆಚ್ಚು ಕೊಳೆಯುತ್ತದೆ.

ಗುಂಡಿಯನ್ನು ಏಪ್ರಿಲ್‌ನಲ್ಲೇ 60 ಸೆ.ಮೀ. ಉದ್ದ, ಅಗಲ, ಆಳಕ್ಕೆ ತೋಡಿ ಬಿಸಿಲಿಗೆ ಬಿಡಬೇಕು. ತಳವನ್ನೂ ಪಕ್ಕಗಳನ್ನೂ ಹಾರೆಯಿಂದ ಅಲ್ಲಲ್ಲಿ ಒಡೆಯಬೇಕು. ಗುದ್ದಲಿಯಿಂದ ನಯವಾಗಿ ಕೆತ್ತಿದ ಗುಂಡಿ ನೋಡಲು ಚೆಂದ, ಬೇರಿಗೆ ಅದು ಸಿಮೆಂಟ್ ತೊಟ್ಟಿ ಇದ್ದಂತೆ. ಆಮೇಲೆ ಪರೀಕ್ಷೆ. ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೊಮ್ಮೆ ತುಂಬಿ. ಎರಡನೆಯ ಸಲ ತುಂಬಿದ ನೀರು ನಾಲ್ಕು ತಾಸಿನ ನಂತರವೂ ನಿಂತಿದ್ದರೆ ಅಲ್ಲಿ ಹಾಗೆಯೇ ನೆಡಬಾರದು. ಅಡಿಕೆ ತೋಟಕ್ಕೆ ಹೇಗೆ ಬಸಿಗಾಲುವೆ ಬೇಕೋ ಹಾಗೆಯೇ ಇಲ್ಲಿಯೂ ಗುಂಡಿಯ ತಳದ ಮಟ್ಟದಿಂದ ಇಳಿಜಾರಿನ ಕಡೆಗೆ ಒಂದು ಸಣ್ಣ ಕಾಲುವೆ ತೆಗೆದು, ಅದರಲ್ಲಿ ಕಲ್ಲುಚೂರು ತುಂಬಿ ಮುಚ್ಚಬೇಕು. ಇಳಿಜಾರೇ ಇಲ್ಲದ ಅಂಗಳವಾದರೆ ಗುಂಡಿಯ ಆಸೆಯನ್ನೇ ಬಿಟ್ಟು, ಕಲ್ಲು ಜೋಡಿಸಿ ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ ಅದರಲ್ಲಿ ನೆಡುವುದು ಲೇಸು.

ತುಂಬುವ ಮಣ್ಣಿನ ಪ್ರಮಾಣ ಹೀಗಿರಲಿ: ಗುಂಡಿಯಿಂದ ತೆಗೆದ ಮೇಲ್ಮಣ್ಣು ಎರಡು ಬುಟ್ಟಿ, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಹೊಳೆಮರಳು ಅರ್ಧ ಬುಟ್ಟಿ. ಇದಕ್ಕೆ ಪ್ರತಿ ಗುಂಡಿಗೆ ಕಾಲು ಕೆ.ಜಿ. ಬೇವಿನ ಹಿಂಡಿ. ಬೋಗನ್‌ವಿಲ್ಲಾಕ್ಕಾದರೆ ಗೊಬ್ಬರವನ್ನು ಅರ್ಧಕ್ಕಿಳಿಸಿ ಮರಳನ್ನು ಒಂದು ಬುಟ್ಟಿಗೇರಿಸಬೇಕು. ಸಮುದ್ರದಂಡೆಯ ಮರಳನ್ನು ಎಂದೂ ಬಳಸಬಾರದು, ಅದರ ಉಪ್ಪು ಎಳೆಬೇರನ್ನು ಸುಡುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣು. ಗಿಡ ನೆಡುವ ಎರಡು ಮೂರು ವಾರ ಮೊದಲು ಗುಂಡಿಗೆ 200 ಗ್ರಾಂ ಕೃಷಿ ಸುಣ್ಣವನ್ನು ಬೆರೆಸಿದರೆ ಅನುಕೂಲ. ಆದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿ ಹಾಕುವುದು ಇನ್ನೂ ಸರಿ. ಕಪ್ಪೆಚಿಪ್ಪಿನ ಚೂರು ತುಂಬಿದ ಕಡಲ ಬದಿಯ ಮರಳು ಮಣ್ಣಿಗೆ ಸುಣ್ಣ ಬೇಡವೇ ಬೇಡ.

ಗುಂಡಿ ತುಂಬಿದ ಮೇಲೆ ಮಣ್ಣು ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬದಂತೆ ನಿಲ್ಲಬೇಕು. ಮಳೆಗೆ ಅದು ಕುಸಿದು ಅರ್ಧವಾಗುತ್ತದೆ. ಬಯಲುಸೀಮೆಯವರಂತೆ ಬುಡದ ಸುತ್ತ ಪಾತಿ ಮಾಡುವ ಅಭ್ಯಾಸವನ್ನು ಬೇಸಿಗೆಗೆ ಮಾತ್ರ ಇಟ್ಟುಕೊಂಡು, ಮೇ ಕೊನೆಗೆ ಪಾತಿಯನ್ನು ಒಡೆದುಬಿಡಬೇಕು.

ಹಂತ 5: ಗಿಡವನ್ನೋ ಕಡ್ಡಿಯನ್ನೋ ಆರಿಸುವುದು

ನರ್ಸರಿಯಲ್ಲಿ ಹೂವಿರುವ ಗಿಡಕ್ಕೆ ಕೈ ಹೋಗುವುದು ಸಹಜ. ಹೂವನ್ನು ನೋಡುವ ಮೊದಲು ಚೀಲದ ತಳ ನೋಡಬೇಕು. ಬೇರು ಹೊರಬಂದು ಕೆಳಗಿನ ನೆಲಕ್ಕೆ ಇಳಿದಿದ್ದರೆ ಎತ್ತುವಾಗಲೇ ಅದು ಹರಿದಿರುತ್ತದೆ. ಎಲೆಯ ಅಡಿಭಾಗದಲ್ಲಿ ಬಿಳಿ ಹಿಟ್ಟು, ಕಂದು ಚುಕ್ಕೆ ಇದ್ದರೆ ಬೇಡ. ಒಂದೂವರೆ ಎರಡು ಅಡಿಯ, ಬುಡದಲ್ಲಿ ಪೆನ್ಸಿಲ್ ದಪ್ಪವಿರುವ ಗಿಡ, ಐದಡಿ ಉದ್ದದ ಸಪೂರ ಗಿಡಕ್ಕಿಂತ ಬೇಗ ನೆಲೆಯೂರುತ್ತದೆ.

ನೆರೆಮನೆಯಿಂದ ಕಡ್ಡಿ ತರುವ ಪದ್ಧತಿಯೇ ನಮ್ಮಲ್ಲಿ ಹೆಚ್ಚು, ಅದಕ್ಕೆ ಜೂನ್–ಜುಲೈ ಒಳ್ಳೆಯ ಕಾಲ. ಬಲಿತ ಕೊಂಬೆಯಿಂದ ಮೂರು ನಾಲ್ಕು ಗೆಣ್ಣುಗಳಿರುವ ಒಂದು ಗೇಣು ಕಡ್ಡಿಯನ್ನು ಕತ್ತರಿಸಿ, ಬುಡವನ್ನು ಗೆಣ್ಣಿನ ಕೆಳಗೆ ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಬೇಕು. ಹೀಗೆ ಮಾಡಿದರೆ ತಲೆಕೆಳಗು ನೆಡುವ ತಪ್ಪು ಆಗುವುದಿಲ್ಲ. ಆ ತಪ್ಪನ್ನು ಅನುಭವಸ್ಥರೂ ಮಾಡುತ್ತಾರೆ. ಎರಡು ಗೆಣ್ಣು ಮಣ್ಣಿನೊಳಗೆ ಹೋಗಬೇಕು. ಮರಳು ಬೆರೆತ ಮಣ್ಣಿನ ಚೀಲದಲ್ಲಿ ನೆಟ್ಟು, ಮಳೆಯ ನೇರ ಹೊಡೆತ ತಾಗದ ಮಾಡಿನ ಅಂಚಿನಲ್ಲಿಡಬೇಕು. ಚಿಗುರು ಬಂದ ಮಾತ್ರಕ್ಕೆ ಬೇರು ಬಂದಿದೆ ಎಂದು ತಿಳಿದು ಎಳೆದು ನೋಡಬಾರದು. ಕಡ್ಡಿಯಲ್ಲಿ ಉಳಿದ ಸಾರದಿಂದಲೇ ಮೊದಲ ಚಿಗುರು ಬರುತ್ತದೆ. ಎರಡನೆಯ ಸುತ್ತಿನ ಎಲೆಗಳು ಬಿಚ್ಚುವವರೆಗೆ ಕಾಯಬೇಕು.

ಶಂಖಪುಷ್ಪವನ್ನು ಬೀಜದಿಂದಲೇ ಮಾಡುವುದು ಸುಲಭ. ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಉಬ್ಬಿದವನ್ನು ಮಾತ್ರ ಬಿತ್ತಬೇಕು. ಉಬ್ಬದಿದ್ದವನ್ನು ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ ಮತ್ತೆ ನೆನೆಸಬಹುದು.

ಹಂತ 6: ನೆಡುವುದು

ಸಂಜೆಯ ಹೊತ್ತು ನೆಡಬೇಕು. ಒಂದು ತಾಸು ಮೊದಲೇ ಚೀಲಕ್ಕೆ ನೀರು ಹಾಕಿದರೆ ಮಣ್ಣಿನ ಹೆಂಟೆ ಒಡೆಯುವುದಿಲ್ಲ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಬೇಕು. 'ತಳ ಕತ್ತರಿಸಿದ್ದೇನೆ, ಸಾಕು' ಎಂದು ಪ್ಲಾಸ್ಟಿಕ್ ಸಮೇತ ನೆಟ್ಟ ಗಿಡಗಳು ಎರಡು ವರ್ಷದ ನಂತರ ಗಾಳಿಗೆ ಬುಡಸಮೇತ ಎದ್ದು ಬಂದದ್ದನ್ನು ಕಂಡಿದ್ದೇನೆ. ಬೋಗನ್‌ವಿಲ್ಲಾದ ಬೇರು ಬಹಳ ಪೆಡಸು. ಅದರ ಹೆಂಟೆಯನ್ನು ಅಲುಗಿಸದೆ, ಎರಡೂ ಕೈಯಲ್ಲಿ ಕೂಸನ್ನು ಎತ್ತಿದಂತೆ ಎತ್ತಿ ಇಡಬೇಕು. ಉಳಿದ ಬಳ್ಳಿಗಳಲ್ಲಿ ಚೀಲದೊಳಗೇ ಸುತ್ತಿಕೊಂಡ ಬೇರುಗಳಿದ್ದರೆ ಬೆರಳಿನಿಂದ ಬಿಡಿಸಬಹುದು.

ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಗಟ್ಟಿಯಾಗಿ ನಿಲ್ಲಲಿ ಎಂದು ಕಾಂಡವನ್ನು ಹೂಳಿದರೆ ತೊಗಟೆ ಕೊಳೆಯುತ್ತದೆ. ಗಿಡವನ್ನು ಆಧಾರದ ಕಡೆಗೆ ಸ್ವಲ್ಪ ಓರೆ ಮಾಡಿ, ಕೈಯಿಂದ ಮಣ್ಣು ಒತ್ತಿ ನೀರು ಕೊಟ್ಟ ಮೇಲೆ ದರಕು (ಒಣಗಿದ ತರಗೆಲೆ) ಹೊದಿಸಬೇಕು. ದರಕಿನ ದಪ್ಪ ನಾಲ್ಕು ಬೆರಳು. ಕಾಂಡದ ಸುತ್ತ ಒಂದು ಹಸ್ತದಷ್ಟು ಜಾಗ ಬರಿದಾಗಿಯೇ ಇರಬೇಕು. ಕಾಂಡಕ್ಕೆ ತಾಗಿಸಿ ಸೊಪ್ಪು ಒಟ್ಟಿದರೆ ಮಳೆಗಾಲದಲ್ಲಿ ಬುಡಕೊಳೆಗೂ ಬೇಸಿಗೆಯಲ್ಲಿ ಒರಲೆಗೂ (ಗೆದ್ದಲಿಗೂ) ನಾವೇ ಹಾಸಿಗೆ ಹಾಸಿಕೊಟ್ಟಂತೆ. ಅಕ್ಟೋಬರ್‌ನಲ್ಲಿ ನೆಟ್ಟರೆ ಹತ್ತು ದಿನ ಅಡಿಕೆ ಸೋಗೆಯ ನೆರಳು ಬೇಕು.

ಹಂತ 7: ಹಬ್ಬಿಸುವುದು

ಹೂ ಬಿಡದ ಬಳ್ಳಿಯ ರಹಸ್ಯ ಈ ಹಂತದಲ್ಲಿದೆ. ಬಳ್ಳಿಯ ತುದಿಕುಡಿ ಮೇಲ್ಮುಖವಾಗಿ ಬೆಳೆಯುತ್ತಿರುವಷ್ಟು ಕಾಲ ಕೆಳಗಿನ ಗೆಣ್ಣುಗಳ ಮೊಗ್ಗುಗಳನ್ನು ಅದು ಮಲಗಿಸಿಯೇ ಇಡುತ್ತದೆ. ಕುಡಿಯನ್ನು ಚಿವುಟಿದಾಗ ಅಥವಾ ಕೊಂಬೆಯನ್ನು ಅಡ್ಡಲಾಗಿ ಬಾಗಿಸಿದಾಗ ಆ ಹಿಡಿತ ತಪ್ಪಿ, ಪ್ರತಿ ಗೆಣ್ಣಿನಿಂದಲೂ ಪಕ್ಕದ ಚಿಗುರು ಹೊರಡುತ್ತದೆ. ಹೂವು ಬರುವುದು ಆ ಚಿಗುರುಗಳಲ್ಲಿ. ನೇರವಾಗಿ ಮಾಡಿಗೇರಲು ಬಿಟ್ಟ ಬಳ್ಳಿಯ ಹೂವೆಲ್ಲ ಹಂಚಿನ ಮೇಲೆ, ನೋಡುವ ಭಾಗ್ಯ ಕಾಗೆಗೆ.

ಮೊದಲು ಒಂದೋ ಎರಡೋ ಗಟ್ಟಿ ಕಾಂಡಗಳನ್ನು ಮಾತ್ರ ಉಳಿಸಿಕೊಂಡು ಆಧಾರಕ್ಕೆ ಕಟ್ಟಬೇಕು. ಚಪ್ಪರದ ಮಟ್ಟ ಮುಟ್ಟಿದ ಕೂಡಲೇ ತುದಿಯನ್ನು ಚಿವುಟಬೇಕು. ಆಗ ಒಡೆಯುವ ನಾಲ್ಕಾರು ಕವಲುಗಳನ್ನು ನಾಲ್ಕೂ ದಿಕ್ಕಿಗೆ ಬೀಸಣಿಗೆಯಂತೆ ಹರಡಿ ಅಡ್ಡಲಾಗಿ ಕಟ್ಟಬೇಕು. ಅವು ಎರಡು ಮೂರು ಅಡಿಯಾದಾಗ ಅವುಗಳ ತುದಿಯನ್ನೂ ಚಿವುಟಬೇಕು. ಗೋಡೆಯ ಜಾಲರಿಯಲ್ಲಿಯೂ ಇದೇ ತತ್ವ: ಕೊಂಬೆಗಳನ್ನು ಮೊದಲು ಕೆಳಗಿನ ಸಾಲಿನಲ್ಲಿ ಅಡ್ಡ ಓಡಿಸಿ, ಆಮೇಲೆ ಮೇಲಿನ ಸಾಲಿಗೆ ಏರಿಸಬೇಕು. ಬಾಗಿಸುವ ಕೆಲಸವನ್ನು ಕೊಂಬೆ ಹಸಿರಾಗಿರುವಾಗಲೇ ಮಾಡಬೇಕು. ಬಲಿತು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮುರಿಯುತ್ತದೆ.

ಕಟ್ಟುವಾಗ ದಾರವನ್ನು ಕನ್ನಡದ ನಾಲ್ಕರಂತೆ ಕತ್ತರಿ ಹಾಕಿ, ಒಂದು ಕುಣಿಕೆ ಆಧಾರಕ್ಕೆ, ಇನ್ನೊಂದು ಸಡಿಲ ಕುಣಿಕೆ ಕಾಂಡಕ್ಕೆ ಬರುವಂತೆ ಕಟ್ಟಬೇಕು. ಕುಣಿಕೆಯಲ್ಲಿ ಕಿರುಬೆರಳು ತೂರಬೇಕು. ನೈಲಾನ್ ದಾರ ಹಿಗ್ಗುವುದಿಲ್ಲ, ಕೊಳೆಯುವುದೂ ಇಲ್ಲ. ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಇಳಿದು ಕತ್ತು ಹಿಸುಕುತ್ತದೆ. ನಮ್ಮ ಮನೆಯ ನಾಲ್ಕು ವರ್ಷದ ಜಾಜಿ ಒಂದು ಮಾರ್ಚಿಯಲ್ಲಿ ಮೇಲರ್ಧ ಮಾತ್ರ ಬಾಡಿತು. ರೋಗವೆಂದು ಔಷಧ ಹೊಡೆದೆ, ಬುಡ ಬಗೆದೆ. ತಿಂಗಳ ನಂತರ ಸಿಕ್ಕಿದ್ದು ತೊಗಟೆಯೊಳಗೆ ಹುದುಗಿದ್ದ ಒಂದು ಗೇಣು ನೀಲಿ ದಾರ. ಬಾಳೆನಾರು ಆರೆಂಟು ತಿಂಗಳಲ್ಲಿ ತಾನೇ ಕೊಳೆತು ಬೀಳುವುದು ಅದರ ದೋಷವಲ್ಲ, ಗುಣ.

ಹಂತ 8: ನೀರು ಮತ್ತು ಗೊಬ್ಬರ

ಮಳೆಗಾಲದಲ್ಲಿ ನೀರಿನ ಮಾತಿಲ್ಲ. ಅಕ್ಟೋಬರ್‌ನಿಂದ ಮೊದಲ ವರ್ಷದ ಬಳ್ಳಿಗೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಬಕೆಟ್ ನೀರು ಬೇಕು, ಕಡಲ ಬದಿಯ ಮರಳು ಮಣ್ಣಿನಲ್ಲಿ ಮಾರ್ಚ್ ನಂತರ ದಿನಬಿಟ್ಟು ದಿನ. ಎರಡನೆಯ ವರ್ಷದಿಂದ ವಾರಕ್ಕೊಂದು ಬಕೆಟ್ ತುಂಬ ನೀರು ಸಾಕು. ದಿನಾಲೂ ಚೊಂಬಿನಿಂದ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲ್ಮಣ್ಣಿನಲ್ಲೇ ಸುಳಿದಾಡಿ, ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ. ಬೋಗನ್‌ವಿಲ್ಲಾಕ್ಕೆ ನೀರು ಕಡಿಮೆಯಾದಾಗಲೇ ಹೂವಿನ ನೆನಪಾಗುತ್ತದೆ. ನೆಲೆಯೂರಿದ ಗಿಡದ ಎಲೆ ಸ್ವಲ್ಪ ಸೋತಂತೆ ಕಂಡ ಮೇಲೆಯೇ ನೀರು ಕೊಡಬೇಕು.

ಅಘನಾಶಿನಿ, ಕಾಳಿ, ಗಂಗಾವಳಿಗಳ ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಏರಿದಂತೆ ನೀರು ಸವಳಾಗುತ್ತದೆ. ನಾಲಿಗೆಗೆ ಉಪ್ಪು ತಿಳಿಯುವ ನೀರನ್ನು ಮಲ್ಲಿಗೆಗೆ ಹಾಕಬಾರದು. ಅನಿವಾರ್ಯವಾದರೆ ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ, ಒಮ್ಮೆಗೇ ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ಉಪ್ಪು ಬೇರಿನ ಕೆಳಗೆ ಇಳಿಯುತ್ತದೆ. ಗಾಳಿಯಿಂದ ಎಲೆಯ ಮೇಲೆ ಕುಳಿತ ಉಪ್ಪನ್ನು ವಾರಕ್ಕೊಮ್ಮೆ ಸಿಹಿನೀರು ಚಿಮುಕಿಸಿ ತೊಳೆಯುವುದು ಒಳ್ಳೆಯದು.

ಗೊಬ್ಬರದ ವಿಷಯದಲ್ಲಿ ಘಟ್ಟದ ಮೇಲಿನವರ ತಪ್ಪು ಉದಾರತನ. ಮನೆಯಲ್ಲಿ ಗೋಬರ್ ಗ್ಯಾಸ್ ಇದೆ, ಸ್ಲರಿ ಧಾರಾಳವಾಗಿದೆ ಎಂದು ವಾರವಾರವೂ ಬಳ್ಳಿಗೆ ಸುರಿದರೆ ಸಾರಜನಕ ಹೆಚ್ಚಾಗಿ ಎಲೆ ಕಡುಹಸಿರಾಗಿ ಹೊಳೆಯುತ್ತದೆ, ಹೂವು ನಿಲ್ಲುತ್ತದೆ. ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್ ಕೊನೆಗೊಮ್ಮೆ ಎರಡು ಬುಟ್ಟಿ ಗೊಬ್ಬರ, ಸವರಿದ ಮೇಲೆ ಒಮ್ಮೆ ಅರ್ಧ ಕೆ.ಜಿ. ಹಿಂಡಿಯೊಂದಿಗೆ ಎರಡು ಹಿಡಿ ಒಲೆಬೂದಿ, ಇಷ್ಟು ಸಾಕು. ಗೊಬ್ಬರವನ್ನು ಕಾಂಡದಿಂದ ಒಂದಡಿ ಆಚೆ ಸುತ್ತಲೂ ಹಾಕಿ ಮಣ್ಣು ಮುಚ್ಚಬೇಕು. ಎಲೆಯೇ ತುಂಬಿದ ಬಳ್ಳಿಗೆ ಆರು ತಿಂಗಳು ಸ್ಲರಿ ನಿಲ್ಲಿಸುವುದೇ ಔಷಧ.

ಹಂತ 9: ಸವರುವುದು

ಯಾವ ಬಳ್ಳಿ ಯಾವ ಕೊಂಬೆಯಲ್ಲಿ ಹೂ ಬಿಡುತ್ತದೆ ಎಂಬುದನ್ನು ತಿಳಿಯದೆ ಕತ್ತರಿ ಹಿಡಿಯಬಾರದು. ಬೋಗನ್‌ವಿಲ್ಲಾ, ಅಲ್ಲಮಂಡಾ, ಮಲ್ಲಿಗೆ, ರಂಗೂನ್ ಬಳ್ಳಿಗಳು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ, ಮಳೆ ಪೂರ್ತಿ ನಿಂತ ಮೇಲೆ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ ಇವನ್ನು ಮೂರನೇ ಒಂದು ಪಾಲು ಧೈರ್ಯವಾಗಿ ಸವರಬಹುದು. ಚಳಿಗಾಲದಲ್ಲಿ ಕಿತ್ತಳೆ ಬಣ್ಣದ ಹೂಗಳಿಂದ ಚಪ್ಪರವನ್ನೇ ಮುಚ್ಚುವ ಪೈರೊಸ್ಟೆಜಿಯಾವನ್ನು ಅದೇ ಹೊತ್ತಿನಲ್ಲಿ ಸವರಿದರೆ ಆ ವರ್ಷದ ಹೂವನ್ನೆಲ್ಲ ಕತ್ತರಿಸಿ ಎಸೆದಂತಾಗುತ್ತದೆ. ಅದನ್ನೂ ನೇರಳೆ ಹೂವಿನ ಪೆಟ್ರಿಯಾವನ್ನೂ ಹೂ ಮುಗಿದ ಕೂಡಲೇ ಸವರಬೇಕು.

ಮೊದಲು ಒಣಗಿದ್ದು, ಆಮೇಲೆ ಒಂದಕ್ಕೊಂದು ಉಜ್ಜುವುದು, ಆಮೇಲೆ ಒಳಮುಖವಾಗಿ ಬೆಳೆದದ್ದು, ಕಡೆಗೆ ಉದ್ದವಾದದ್ದು: ಈ ಕ್ರಮದಲ್ಲಿ ಕತ್ತರಿಸಿದರೆ ಅತಿಯಾಗುವುದಿಲ್ಲ. ಸಿಕೇಚರ್ ಅನ್ನು ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಬೇಕು. ಹೆಬ್ಬೆರಳಿಗಿಂತ ದಪ್ಪದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಬೇಕು. ಅಡಿಕೆಗೆ ಕೊಳೆ ಔಷಧ ಹೊಡೆಯುವ ಮನೆಗಳಲ್ಲಿ ಮೈಲುತುತ್ತವೂ ಸುಣ್ಣವೂ ಇದ್ದೇ ಇರುತ್ತವೆ. ತಲಾ 100 ಗ್ರಾಂ ಅನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕದಡಿ ಆಮೇಲೆ ಕೂಡಿಸಿದರೆ ಮುಲಾಮು ಸಿದ್ಧ. ಮಳೆ ಬರುತ್ತಿರುವಾಗ, ಅಡ್ಡ ಬಂದ ಒಂದು ಕೊಂಬೆಯನ್ನೂ ಕತ್ತರಿಸದಿರುವುದೇ ಕ್ಷೇಮ. ಬೋಗನ್‌ವಿಲ್ಲಾದ ಮುಳ್ಳಿಗೂ ಅಲ್ಲಮಂಡಾದ ಹಾಲಿಗೂ ಕೈಗವಸು ಬೇಕು. ಆ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ವಿಷ.

ಹಂತ 10: ಗೌರಿ ಹೂವಿಗೆ ಬೇರೆಯದೇ ನಿಯಮ

ನಮ್ಮ ಬೇಣ (ಹುಲ್ಲುಗಾವಲು), ಬೇಲಿಗಳಲ್ಲಿ ತಾನಾಗಿ ಹುಟ್ಟುವ ಈ ಬಳ್ಳಿಯನ್ನು ಅಂಗಳಕ್ಕೆ ತಂದವರು ಹೆಚ್ಚಾಗಿ ಕಳೆದುಕೊಳ್ಳುವುದು ಗಡ್ಡೆಯನ್ನು ಕೀಳುವಾಗ. ಗಡ್ಡೆ ನೇಗಿಲಿನಂತೆ ಎರಡು ಕವಲಾಗಿರುತ್ತದೆ, ಪ್ರತಿ ಕವಲಿನ ತುದಿಯಲ್ಲಿ ಮೊಳಕೆಯ ಕಣ್ಣು ಒಂದೇ ಇರುತ್ತದೆ. ಆ ತುದಿ ಮುರಿದರೆ ಉಳಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಪ್ರಯೋಜನವಿಲ್ಲ. ಮೇ ಕೊನೆಯಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ನಾಲ್ಕು ಬೆರಳು ಆಳದಲ್ಲಿ, ನೀರು ನಿಲ್ಲದ ದಿಬ್ಬದಲ್ಲಿ ಹೂಳಬೇಕು. ಒಂದಡಿ ಬೆಳೆಯುವ ಮುನ್ನವೇ ಸಪೂರ ಕಡ್ಡಿಗಳನ್ನು ಒತ್ತಾಗಿ ನೆಡಬೇಕು. ಹೂ ಮುಗಿದು ಬಳ್ಳಿ ಹಳದಿಯಾಗಿ ತಾನೇ ಒಣಗುವವರೆಗೆ ಕತ್ತರಿ ಮುಟ್ಟಿಸಬಾರದು, ಮುಂದಿನ ವರ್ಷದ ಗಡ್ಡೆ ತುಂಬುವುದು ಆಗಲೇ. ಒಣಗಿದ ಮೇಲೆ ಬೇಸಿಗೆಯುದ್ದಕ್ಕೂ ಅಲ್ಲಿಗೆ ನೀರು ಹಾಕಬಾರದು.

ಈ ಗಿಡದ ಎಲ್ಲ ಭಾಗವೂ ವಿಷ. ಗಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ವಸ್ತು ಜೀವಕ್ಕೇ ಅಪಾಯಕಾರಿ. ನೋಡಲು ಗೆಣಸಿನಂತಿರುವುದರಿಂದ ಅದನ್ನು ಅಡುಗೆಮನೆಯ ಅಟ್ಟದಲ್ಲಿ ಗೆಡ್ಡೆಗೆಣಸಿನ ಜೊತೆ ಇಡುವುದು ಎಂದೂ ಕೂಡದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ನೆಡದಿರುವುದೇ ಒಳ್ಳೆಯದು.

ಎಚ್ಚರಿಕೆಯ ಲಕ್ಷಣಗಳು

ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದರೆ ಬೇರು ಕೊಳೆಯುತ್ತಿದೆ ಎಂದು ತಿಳಿಯಬೇಕು. ಆಗ ನೀರು ಹಾಕುವುದು ಬೆಂಕಿಗೆ ತುಪ್ಪ ಸುರಿದಂತೆ. ಬುಡದ ದರಕು ತೆಗೆದು, ಪಕ್ಕದಲ್ಲಿ ಬಸಿಗಾಲುವೆ ತೋಡಿ, ಶೇ. 1ರ ಬೋರ್ಡೋ ದ್ರಾವಣವನ್ನು ಬುಡಕ್ಕೆ ಹಾಕಬೇಕು. ಸಮುದ್ರದ ಕಡೆಯ ಎಲೆಗಳ ಅಂಚು ಮಾತ್ರ ಸುಟ್ಟಂತಿದ್ದರೆ ಅದು ಉಪ್ಪುಗಾಳಿ. ಎಲ್ಲ ಎಲೆಗಳ ಅಂಚೂ ಸುಟ್ಟಿದ್ದರೆ ನೀರಿನಲ್ಲಿ ಉಪ್ಪಿದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಬೇರಿಗೆ ಕಬ್ಬಿಣಾಂಶ ಸಿಗುತ್ತಿಲ್ಲ. ಮನೆ ಕಟ್ಟಿದ ಸಿಮೆಂಟು, ಗಾರೆಯ ಚೂರು ಸುರಿದ ಜಾಗದಲ್ಲಿ ಇದು ಹೆಚ್ಚು.

ಮಲ್ಲಿಗೆ ಮೊಗ್ಗು ನಸುನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉಳಿದರೆ, ಅಥವಾ ಮೊಗ್ಗಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಒಳಗೆ ಹುಳುವಿದೆ. ಅಂಥ ಮೊಗ್ಗನ್ನು ಬುಡಕ್ಕೆ ಉದುರಿಸದೆ ಆಯ್ದು ಸುಡಬೇಕು. ಕಾಂಡದ ಮೇಲೆ ಇರುವೆಗಳ ಸಾಲು, ಎಲೆಯ ಮೇಲೆ ಕಪ್ಪು ಮಸಿ ಕಂಡರೆ ಇರುವೆಯನ್ನು ಓಡಿಸುವ ಮೊದಲು ಹಿಟ್ಟುತಿಗಣೆಯನ್ನು ಹುಡುಕಬೇಕು. ಅದರ ಸಿಹಿ ಸ್ರಾವಕ್ಕಾಗಿಯೇ ಇರುವೆ ಬಂದಿರುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಸ್ವಲ್ಪ ಸಾಬೂನು ನೀರು ಬೆರೆಸಿ ಸಂಜೆ ಎಲೆಯ ಅಡಿಭಾಗಕ್ಕೆ ಹೊಡೆದು, ವಾರದ ನಂತರ ಮತ್ತೊಮ್ಮೆ ಹೊಡೆಯಬೇಕು. ಮಂಗಗಳು ಕುಡಿ ಮುರಿಯುವುದಕ್ಕೆ ಮಾತ್ರ ನನ್ನ ಬಳಿ ಔಷಧವಿಲ್ಲ, ಅದನ್ನು ಉಚಿತ ಸವರುವಿಕೆ ಎಂದು ಲೆಕ್ಕ ಹಾಕಿಕೊಂಡಿದ್ದೇನೆ.

ಎಲೆಯೆಲ್ಲ ಉದುರಿದ ಬಳ್ಳಿಯನ್ನು ಕೂಡಲೇ ಕೀಳಬಾರದು. ಉಗುರಿನಿಂದ ತೊಗಟೆಯನ್ನು ತುದಿಯಿಂದ ಬುಡದವರೆಗೆ ಅಲ್ಲಲ್ಲಿ ಕೆರೆದು ನೋಡಬೇಕು. ಒಳಗೆ ಹಸಿರು ಕಂಡ ಜಾಗದಿಂದ ಎರಡು ಬೆರಳು ಮೇಲಕ್ಕೆ ಕತ್ತರಿಸಿ ಒಂದು ತಿಂಗಳು ಕಾಯಬೇಕು. ಬುಡದವರೆಗೂ ಕಂದಾಗಿದ್ದರೆ ಬೇರುಸಮೇತ ಕಿತ್ತು ಸುಡಬೇಕು. ಅದೇ ಗುಂಡಿಯಲ್ಲಿ ಅದೇ ಜಾತಿಯ ಬಳ್ಳಿಯನ್ನು ಆ ವರ್ಷ ನೆಡಬಾರದು. ಹಳೆಯ ಮಣ್ಣನ್ನು ಎತ್ತಿ ತೆಂಗಿನ ಬುಡಕ್ಕೆ ಹಾಕಿ, ಗುಂಡಿಯನ್ನು ಬೇಸಿಗೆಯಿಡೀ ಬಿಸಿಲಿಗೆ ತೆರೆದಿಟ್ಟು, ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ ಮೇಲೆಯೇ ಹೊಸ ಮಣ್ಣು ತುಂಬಬೇಕು.